ಶಾಫ್ಟಿಗೆ ಸುತ್ತಿದ ಅಮೆರಿಕ

ಬೋಂಡಾ ತಿಂದು, ಕಟ್ಟಿಕೊಟ್ಟ ಕಾಗದವನ್ನು ಓದದೆ ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಕೈಲಿ ಅದಾಗದು. ಅರ್ಧ ಹರಿದ 'ವಧು ಬೇಕಾಗಿದೆ' ಜಾಹೀರಾತನ್ನು ಓದಿ, ಆ ಪುಣ್ಯಾತ್ಮನಿಗೆ ಹೆಣ್ಣು ಸಿಕ್ಕಿತೋ ಇಲ್ಲವೋ ಎಂದು ವಾರಗಟ್ಟಲೆ ಚಿಂತಿಸಿದ್ದೇನೆ. ಇಂಥವನನ್ನು ಪೀಣ್ಯದ ಕಾರ್ಖಾನೆಯಲ್ಲಿ ಮಾಲು ತಪಾಸಣೆಗೆ ಕೂರಿಸಿ, ಪಕ್ಕದಲ್ಲೇ ಪ್ಯಾಕಿಂಗ್ ವಿಭಾಗ ಇಟ್ಟದ್ದು ಮಾಲೀಕರ ತಪ್ಪು.

ತುಕ್ಕು ಹಿಡಿಯಬಾರದೆಂದು ನಮ್ಮಲ್ಲಿ ಶಾಫ್ಟುಗಳಿಗೆ, ಅಂದರೆ ಯಂತ್ರಗಳಲ್ಲಿ ತಿರುಗುವ ಉಕ್ಕಿನ ದಂಡಗಳಿಗೆ, ಎಣ್ಣೆ ಸವರಿ ಹಳೇ ಕಾಗದದಲ್ಲಿ ಸುತ್ತುತ್ತಾರೆ. ಈಚೆಗೆ ಗುಜರಿಯಿಂದ ಬಂದ ಕಟ್ಟಿನಲ್ಲಿ, ಯಾರದೋ ಬಂಗಲೆಯ ಅಟ್ಟದಿಂದ ಇಳಿದಿದ್ದ ಅಮೆರಿಕದ ವಾರಪತ್ರಿಕೆಗಳಿದ್ದವು, ಎರಡನೇ ಮಹಾಯುದ್ಧದ ಕಾಲದವು. ಏನೇನು ವಿಚಿತ್ರ ಅಂತೀರಿ! ಅಮೆರಿಕದಂಥ ಅಮೆರಿಕದಲ್ಲಿ ಸಕ್ಕರೆಗೆ ರೇಷನ್. ಮಾಂಸ ಹುರಿದು ಉಳಿದ ಕೊಬ್ಬನ್ನು ಡಬ್ಬಿಯಲ್ಲಿ ಕೂಡಿಸಿ ಕೊಡಿ, ಮದ್ದುಗುಂಡಿಗೆ ಬೇಕು ಎಂದು ಗೃಹಿಣಿಯರಿಗೆ ವಿನಂತಿ. ಮಾರಲು ಒಂದು ಫ್ರಿಜ್ಜೂ ಇಲ್ಲದ ಕಂಪನಿ, 'ಯುದ್ಧ ಮುಗಿದ ಮೇಲೆ ನಮ್ಮದನ್ನೇ ಕೊಳ್ಳಿ' ಎಂದು ಇಡೀ ಪುಟ ಜಾಹೀರಾತು ಹಾಕಿತ್ತು. ತಲೆಗೆ ವಸ್ತ್ರ ಕಟ್ಟಿ ಲೇತ್ ಯಂತ್ರದ ಮುಂದೆ ನಿಂತ ಹೆಂಗಸರ ಚಿತ್ರ ನೋಡಿ ಪ್ಯಾಕಿಂಗಿನ ಮಹಾದೇವಿ, "ಇವ್ರೂ ನಮ್ಮಂಗ ಅದಾರಲ್ರೀ ಸರ!" ಎಂದಳು.

ಮಹಾದೇವಿ ಯಾದಗಿರಿ ಕಡೆಯವಳು. ಗಂಡ ಗುಜರಾತಿನಲ್ಲಿ ಸೇತುವೆ ಕೆಲಸಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಪತ್ರಿಕೆಯ ಧಾರಾವಾಹಿಯಲ್ಲಿ ಹೆಲೆನ್ ಎಂಬಾಕೆಯ ಗಂಡನೂ ಹಡಗು ಹತ್ತಿ ಯುದ್ಧಕ್ಕೆ ಹೋಗಿದ್ದ. ಆಕೆ ಗುಂಡು ತಯಾರಿಸುವ ಕಾರ್ಖಾನೆ ಸೇರಿದ್ದಳು. ದಿನಾ ಟೀ ಹೊತ್ತಿಗೆ ಒಂದೊಂದು ಕಂತನ್ನು ಕನ್ನಡದಲ್ಲಿ ಹೇಳುತ್ತಾ ಬಂದೆ. ನಾಲ್ಕು ಕಂತಾಯಿತು. ಐದನೆಯದು ಶಾಫ್ಟುಗಳನ್ನು ಸುತ್ತಿಕೊಂಡು ಬೊಮ್ಮನಹಳ್ಳಿಯ ಗಿರಾಕಿಯ ಕಾರ್ಖಾನೆ ಸೇರಿತ್ತು!

ಮಹಾದೇವಿಯ ಮುಖ ಸಣ್ಣಗಾಯಿತು. ನನಗೂ ತಡೆಯಲಾಗಲಿಲ್ಲ. ಅಲ್ಲಿನ ಉಗ್ರಾಣದವನಿಗೆ ಫೋನ್ ಮಾಡಿ, "ಸಾರ್, ಶಾಫ್ಟಿಗೆ ಸುತ್ತಿರೋ ಕಾಗದ ಎಸೀಬೇಡಿ, ವಾಪಸ್ ಬೇಕು," ಎಂದೆ.

"ಯಾಕ್ ಸಾರ್, ಮಾಲಲ್ಲಿ ಏನಾದ್ರೂ ಪ್ರಾಬ್ಲಮ್ಮಾ?"

"ಮಾಲು ಚೆನ್ನಾಗಿದೆ ಸಾರ್. ಕಾಗದ ಮಾತ್ರ ಸಾಕು."

ತಪಾಸಣೆಯವನೇ ಫೋನ್ ಮಾಡಿ ಮಾಲು ಚೆನ್ನಾಗಿದೆ ಎಂದರೆ ನಮ್ಮ ಕಸುಬಿನಲ್ಲಿ ಯಾರೂ ನಂಬುವುದಿಲ್ಲ. ಸಂಜೆಯೊಳಗೆ ಇನ್ನೂರು ಶಾಫ್ಟೂ ಟೆಂಪೋದಲ್ಲಿ ವಾಪಸ್ ಬಂದವು. ಮ್ಯಾನೇಜರ್ ನನಗೆ ಮಂಗಳಾರತಿ ಎತ್ತಿದರು. ಒಂದೊಂದನ್ನೂ ಬಿಚ್ಚಿ ಮತ್ತೆ ಅಳೆದೆ. ಹಾಗೆ ಬಿಚ್ಚುವಾಗ ಪುಟವೂ ಸಿಕ್ಕಿತು. ಹೆಲೆನಳ ಮನೆ ಬಾಗಿಲಿಗೆ ಸೇನೆಯಿಂದ ತಂತಿ ಬಂದಿತ್ತು. ಅವಳು ಒಡೆಯಲು ಕೈ ಹಾಕಿದ್ದಳು. ಕೆಳಗೆ, 'ಮುಕ್ತಾಯ ಮುಂದಿನ ವಾರ'. ಆ ಮುಂದಿನ ವಾರ ನಮ್ಮ ಕಟ್ಟಿನಲ್ಲಿರಲಿಲ್ಲ.

"ಬಂದನೇನ್ರಿ ಸರ, ಆಕಿ ಗಂಡ?" ಮಹಾದೇವಿ ಕೈಯಲ್ಲಿ ಟೀ ಹಿಡಿದು ನಿಂತಿದ್ದಳು.

"ಬಂದ," ಎಂದೆ, ಪುಟ ನೋಡುತ್ತಲೇ.

"ಬಂದು ಏನಂದ?"

ಅಲ್ಲಿಗೇ ನಿಲ್ಲಿಸಬೇಕಿತ್ತು. "ಇನ್ಮೇಲೆ ಕೆಲಸಕ್ಕೆ ಹೋಗ್ಬೇಡ ಅಂದ. ಹೆಲೆನ್ ಸಂತೋಷವಾಗಿ ಬಿಟ್ಟುಬಿಟ್ಳು."

ಮಹಾದೇವಿ ಟೀ ಕೆಳಗಿಟ್ಟಳು. "ಸುಳ್ಳು ಹೇಳಬ್ಯಾಡ್ರಿ ಸರ. ನಮ್ಮನಿಯವ್ರೂ ಫೋನಿನ್ಯಾಗ ಇದ ಅಂತಾರ, ಬಿಟ್ಟು ಊರಿಗಿ ನಡಿ ಅಂತ. ನಾ ಬಿಟ್ಟೀನೇನು? ಆಕಿ ಹ್ಯಾಂಗ ಬಿಟ್ಟಾಳು? ಎಲ್ಲಿ ಬರದೈತಿ, ತೋರಸ್ರಿ!"

ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿ ನಕ್ಕೆ. ಅವಳು ನಗಲಿಲ್ಲ. "ನಾನು ಟೆಲಿಫೋನ್ ಆಫೀಸ್ ಕೆಲಸ ಬಿಟ್ಟಿದ್ದನ್ನೂ ನೀವು ಎಲ್ಲರ ಹತ್ರ ಹೀಗೇ ಹೇಳೋದಲ್ವಾ? ಸಂತೋಷವಾಗಿ ಬಿಟ್ಟುಬಿಟ್ಳು ಅಂತ?" ಎಂದು ಸಾರಿಗೆ ಒಗ್ಗರಣೆ ಹಾಕಿದಳು.

ಮರುದಿನ ಟೀ ಹೊತ್ತಿಗೆ ಕಥೆಯನ್ನು ತಿದ್ದಿದೆ. ಹೆಲೆನ್ ಕೆಲಸ ಬಿಡಲಿಲ್ಲ. ಗಂಡನೇ ಅಡುಗೆ ಕಲಿತ. "ಈಗ ಬರೋಬ್ಬರಿ ಆತು ನೋಡ್ರಿ," ಎಂದು ಮಹಾದೇವಿ ಟೀ ಕುಡಿದಳು. ಈ ತಿದ್ದುಪಡಿಯನ್ನು ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.