ಪೋಷಕರು ಶಿಫ್ಟಿನಲ್ಲಿದ್ದಾರೆ

ಮಕ್ಕಳಿಗೆ ಮಗ್ಗಿ ಕಲಿಸುವುದು ಅಂಥ ಕಷ್ಟವಲ್ಲ. ಕಲಿತರೋ ಇಲ್ಲವೋ ಎಂದು ಅವರ ಮನೆಯವರಿಗೆ ತಿಳಿಸಲು ಹೊರಟಾಗಲೇ ನನಗೆ ಏನಾದರೊಂದು ಗ್ರಹಚಾರ ಕಾದಿರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಪಕ್ಕದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಮಕ್ಕಳಲ್ಲಿ ಅರ್ಧ ಹಳೇ ಊರಿನ ರೈತರ ಮನೆಯವರು. ಉಳಿದರ್ಧ, ಆ ರೈತರು ಕಟ್ಟಿಸಿದ ವಠಾರಗಳಲ್ಲಿ ಬಾಡಿಗೆಗಿದ್ದ ಫ್ಯಾಕ್ಟರಿ ಕೆಲಸಗಾರರ ಮನೆಯವರು.

ನನ್ನ ದೊಡ್ಡ ಭಯ ಮಗ್ಗಿಯದಲ್ಲ, ಶಾಲೆಯ ಮುಂದಿನ ರಸ್ತೆಯದು. ಕಬ್ಬಿಣದ ಸರಳು ಹೊತ್ತ ಲಾರಿಗಳು ಅಲ್ಲಿ ಓಡಾಡುತ್ತಿದ್ದವು. ಹಿಂದೆ ಚಾಚಿಕೊಂಡ ಸರಳಿನ ತುದಿಗೆ ಎಚ್ಚರಿಕೆಗೆಂದು ಕೆಂಪು ಬಟ್ಟೆ ಕಟ್ಟಿರುತ್ತಾರಲ್ಲ, ಅದನ್ನು ಹಾರಿ ಮುಟ್ಟುವುದು ನಮ್ಮ ಮಕ್ಕಳ ಆಟ. ಸಾಲದ್ದಕ್ಕೆ, ಶಾಲೆ ಬಿಡುವ ಹೊತ್ತಿಗೇ ಫ್ಯಾಕ್ಟರಿ ಬಸ್ಸುಗಳೂ ಹೊರಡುತ್ತಿದ್ದವು. ಒಂದು ದಿನ ನನ್ನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಲಂಗ ಸರಳಿಗೆ ಸಿಕ್ಕಿ ಹರಿಯಿತು. ಮರುದಿನ ನಾನೂ ಹೆಡ್ಮಾಸ್ಟ್ರೂ ರಸ್ತೆಗಿಳಿದು ಕೈ ಅಡ್ಡ ಹಿಡಿದೆವು. ಲಾರಿಯವನು ನಿಧಾನ ಮಾಡಿ, "ಯಶವಂತಪುರಾನಾ? ಹಿಂದೆ ಹತ್ಕಳಿ" ಎಂದ.

ಮನೆಗೊಬ್ಬರಂತೆ ದೊಡ್ಡವರು ಬಂದು ನಿಂತರೆ ಲಾರಿಗಳು ನಿಲ್ಲುತ್ತವೆ, ಈ ಮಾತು ಪೋಷಕರಿಗೆ ಮುಟ್ಟಬೇಕು ಎಂದು ತೀರ್ಮಾನಿಸಿದೆವು.

ತಮಟೆ

ಮೊದಲು ಮಕ್ಕಳ ಕೈಲಿ ಚೀಟಿ ಕಳಿಸಿದೆವು. ಚೀಟಿಗಳೆಲ್ಲ ದಾರಿಯ ಮೋರಿಯಲ್ಲಿ ದೋಣಿಯಾದವು. ಹಾಗಾದರೆ ಊರಿನ ಪದ್ಧತಿಯಂತೆ ತಮಟೆ ಹೊಡೆಸಿ ಸಾರಿಸೋಣ ಎಂದರು ಹೆಡ್ಮಾಸ್ಟ್ರು. ಸಾರುವವನು ಆ ದಿನ ಒಂದೇ ಸುತ್ತಿಗೆ ಎರಡು ಕೆಲಸ ಒಪ್ಪಿಕೊಂಡಿದ್ದ. ಊರ ಗೌಡರ ಎಮ್ಮೆ ಕಳೆದುಹೋಗಿತ್ತು.

"ಕೇಳ್ರಪ್ಪೋ ಕೇಳ್ರಿ! ಶನಿವಾರ ಇಸ್ಕೂಲ್ ತಾವ ಮೀಟಿಂಗೈತೆ! ಗೌಡ್ರ ಎಮ್ಮೆ ಕಳೆದೋಗೈತೆ, ಒಂದು ಕೊಂಬು ಮುರಿದೈತೆ! ಎಲ್ಲಾರೂ ತಪ್ಪದಂಗೆ ಬರ‍್ರಪ್ಪೋ!"

ಶನಿವಾರ ಶಾಲೆಯ ಅಂಗಳ ತುಂಬಿತು. ಹೆಡ್ಮಾಸ್ಟ್ರ ಕಣ್ಣೂ ತುಂಬಿತು. ಕನ್ನಡಕ ಒರೆಸಿಕೊಂಡು, "ಮಾನ್ಯ ಪೋಷಕರೇ, ನಾವು ಇಂದು ಸೇರಿರುವ ಕಾರಣ ನಿಮಗೆಲ್ಲ ತಿಳಿದೇ ಇದೆ" ಎಂದರು.

"ತಿಳಿದೈತೆ ಸಾ. ನಾನು ಕೆರೆ ಏರಿ ಮ್ಯಾಲೆ ಕಂಡೆ" ಎಂದ ಒಬ್ಬ.

"ಅದು ಬೇರೆ ಎಮ್ಮೆ ಕಣಪ್ಪಾ. ಇದು ಬಾಗಲಗುಂಟೆ ಕಡೆ ಓಗೈತೆ" ಎಂದ ಇನ್ನೊಬ್ಬ.

ಸಭೆ ಎರಡು ಪಂಗಡವಾಗಿ ಎರಡು ದಿಕ್ಕಿಗೆ ಹೊರಟುಹೋಯಿತು. ಮಧ್ಯಾಹ್ನದೊಳಗೆ ಎಮ್ಮೆ ಸಿಕ್ಕಿತು. ಪೋಷಕರ ಸಭೆ ಬಹಳ ಚೆನ್ನಾಗಿ ನಡೆಯಿತೆಂದು ಗೌಡರು ಒಂದು ಚೊಂಬು ಹಾಲು ಕಳಿಸಿಕೊಟ್ಟರು.

ರ‍್ಯಾಂಕು ಯಾರದು

ಹಾಲು ಕಳಿಸಿದವರು ಮಾತೂ ಕೇಳಬಹುದೆಂದು ಮಾರ್ಕ್ಸ್ ಕಾರ್ಡುಗಳನ್ನು ಹಿಡಿದು ನಾನೇ ಗೌಡರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು.

"ನಿಮ್ಮ ಹುಡುಗ ಲೆಕ್ಕದಲ್ಲಿ ಸ್ವಲ್ಪ ಹಿಂದಿದ್ದಾನೆ ಗೌಡ್ರೇ."

"ಮುಂದೆ ಯಾರವ್ರೆ?"

"ನಿಮ್ಮ ವಠಾರದ ಕೊನೇ ಮನೆ ಹುಡುಗ. ಫಸ್ಟ್ ರ‍್ಯಾಂಕು."

ಗೌಡರ ಮುಖ ಕಪ್ಪಿಟ್ಟಿತು. "ನಮ್ ಮನ್ಯಾಗೇ ಇದ್ಕಂಡು ನಮ್ ಹುಡ್ಗನ್ನೇ ಇಂದಕ್ಕೆ ಆಕವ್ನಾ?" ಎಂದರು. ಎಲೆಯಡಿಕೆ ತಟ್ಟೆ ಎಳೆದುಕೊಳ್ಳುವಷ್ಟರಲ್ಲಿ ಮುಖ ಅರಳಿತು. "ಮನೆ ಯಾರ‍್ದು? ನಮ್ದು. ಅಂಗಾದ್ರೆ ಫಸ್ಟು ನಮ್ಮನೇಗೇ ಬಂದಂಗಾಯ್ತಲ್ಲ ಮೇಷ್ಟ್ರಮ್ಮ!"

ಇಬ್ಬರು ಹುಡುಗರ ಕಾರ್ಡಿಗೂ ತಾವೇ ರುಜು ಹಾಕಿದರು. ಸಮಯ ನೋಡಿ ನಾನು ರಸ್ತೆಯ ವಿಷಯ ತೆಗೆದೆ. ಅವರು ಎಲೆಯಡಿಕೆ ಬಾಯಿಗಿಟ್ಟುಕೊಂಡು, "ರ‍್ಯಾಂಕು ನಮ್ದು ಸರಿ. ರಸ್ತೆ ಸರ್ಕಾರದ್ದಲ್ವ್ರಾ?" ಎಂದರು.

ಪಿಸುಮಾತು

ಫಸ್ಟ್ ಬಂದ ಹುಡುಗನ ಅಪ್ಪ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪ್ರೆಸ್ ಮಿಷನ್ ನಡೆಸುವವನು. ಆ ವಾರ ಅವನಿಗೆ ನೈಟ್ ಶಿಫ್ಟು. ನಾನು ವಠಾರಕ್ಕೆ ಹೋದಾಗ ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದರು, ನಲ್ಲಿಯ ಹತ್ತಿರ ಜಗಳ ನಡೆಯುತ್ತಿತ್ತು, ರೇಡಿಯೋ ಕಿರುಚುತ್ತಿತ್ತು. ಇಷ್ಟರ ನಡುವೆ ಅವನು ಬಾಗಿಲಲ್ಲೇ ಚಾಪೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ದುಡಿದು ಬಂದವನನ್ನು ಎಬ್ಬಿಸಬಾರದೆಂದು ನಾನು ಎಲ್ಲರಿಗೂ ಕೈ ಮುಗಿದು, ಕುಟ್ಟುವುದನ್ನೂ ಜಗಳವನ್ನೂ ರೇಡಿಯೋವನ್ನೂ ನಿಲ್ಲಿಸಿ, ಅವನ ಹೆಂಡತಿಗೆ ಪಿಸುಮಾತಿನಲ್ಲಿ ರಸ್ತೆಯ ವಿಷಯ ಹೇಳತೊಡಗಿದೆ.

ಅವನು ಧಡಕ್ಕನೆ ಎದ್ದು ಕೂತ. "ಮಿಷನ್ ಯಾಕೆ ನಿಲ್ಸಿದ್ರಿ? ಕರೆಂಟ್ ಹೋಯ್ತಾ?"

ಎದ್ದವನಿಗೆ ಎಲ್ಲವನ್ನೂ ವಿವರಿಸಿದೆ. ಒಳ್ಳೆಯ ಮನುಷ್ಯ. "ಸೋಮವಾರದಿಂದ ನಾನೇ ಬಂದು ನಿಲ್ತೀನಿ ಮೇಡಂ" ಎಂದ. ಸೋಮವಾರ ಅವನಿಗೆ ಮಧ್ಯಾಹ್ನ ಶುರುವಾಗುವ ಸೆಕೆಂಡ್ ಶಿಫ್ಟಾಯಿತು. ಹೆಂಡತಿಯ ಕೈಲಿ ಮಾತ್ರ ಒಂದು ಮಾತು ಹೇಳಿ ಕಳಿಸಿದ್ದ: "ನಮ್ಮನ್ನೆಲ್ಲ ಒಟ್ಟಿಗೆ ಹಿಡೀಬೇಕಂದ್ರೆ ಶಿಫ್ಟ್ ಬದಲಾಗೋ ಹೊತ್ತಿಗೆ ಗೇಟ್ ಹತ್ರ ಬನ್ನಿ."

ಗೇಟಿನ ಮುಂದೆ

ಹೋದೆ. ಹೆಡ್ಮಾಸ್ಟ್ರೂ ಜೊತೆಗೆ ಬಂದರು. ಮಧ್ಯಾಹ್ನ ಸೈರನ್ ಆಯಿತು. ಒಳಗಿನವರು ಹೊರಗೆ, ಹೊರಗಿನವರು ಒಳಗೆ, ಜನವೋ ಜನ. ನನ್ನ ಎತ್ತರಕ್ಕೆ ಯಾರಿಗೂ ಕಾಣುವಂತಿರಲಿಲ್ಲ. ಟೀ ಅಂಗಡಿಯಿಂದ ಸ್ಟೂಲು ಕೇಳಿ ತಂದು ಹತ್ತಿ ನಿಂತೆ. ಆ ಕಾಲದಲ್ಲಿ ಫ್ಯಾಕ್ಟರಿ ಗೇಟಿನ ಮುಂದೆ ಯಾರಾದರೂ ಸ್ಟೂಲು ಹತ್ತಿದರೆ ಅದಕ್ಕೆ ಒಂದೇ ಅರ್ಥ ಎಂಬುದು ನನಗೆ ಗೊತ್ತಿರಲಿಲ್ಲ.

"ನಮ್ಮ ಮಕ್ಕಳ ಜೀವಕ್ಕೆ ಬೆಲೆ ಇಲ್ಲವೇ?" ಎಂದೆ. ಇದು ಪೀಠಿಕೆ.

"ಬೇಕೇ ಬೇಕು!" ಎಂದಿತು ಹಿಂದಿನ ಸಾಲು.

"ನ್ಯಾಯ ಬೇಕು!" ಎಂದಿತು ಮುಂದಿನ ಸಾಲು.

ಹೊರಗೆ ಬಂದವರು ಮನೆಗೆ ಹೋಗಲಿಲ್ಲ. ಒಳಗೆ ಹೋಗಬೇಕಾದವರು ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನ ಮಿಷನ್ನುಗಳ ಸದ್ದೂ ನಿಂತಿತು. ಸರ್ಕಾರಿ ನೌಕರರು ಮುಷ್ಕರದಲ್ಲಿ ಕಾಣಿಸಿಕೊಳ್ಳಬಾರದೆಂದು ಹೆಡ್ಮಾಸ್ಟ್ರು ಟೀ ಅಂಗಡಿಯ ಹಿಂದೆ ಸರಿದು, "ಅಮ್ಮಾ, ಇಳೀರಿ" ಎಂದು ಅಲ್ಲಿಂದಲೇ ಕೈ ಬೀಸುತ್ತಿದ್ದರು. ಸುತ್ತ ಜನ ಒತ್ತಿ ನಿಂತಿದ್ದರಿಂದ ನನಗೆ ಇಳಿಯಲೂ ಜಾಗವಿರಲಿಲ್ಲ.

ಟೈ ಕಟ್ಟಿದ ಆಫೀಸರು ಬೆವರು ಒರೆಸಿಕೊಂಡು ಬಂದರು. "ಮೇಡಂ, ತಾವು ಯಾವ ಯೂನಿಯನ್ನು?"

"ಮೂರನೇ ಕ್ಲಾಸು ಸಾರ್."

"ನಿಮ್ಮ ಡಿಮ್ಯಾಂಡ್ ಏನು?"

"ಶಾಲೆ ಬಿಡೋ ಹೊತ್ತಿಗೆ ರಸ್ತೇಲಿ ಯಾರಾದ್ರೂ ನಿಂತು ಲಾರಿ ನಿಲ್ಲಿಸ್ಬೇಕು."

"ಆಮೇಲೆ?"

"ಅಷ್ಟೇ ಸಾರ್."

ಅವರು ನಂಬಲಿಲ್ಲ. ನಾನು ಬೇರೇನೂ ಕೇಳದಿದ್ದಾಗ ಒಳಗೆ ಓಡಿ, ಓಡಿಯೇ ವಾಪಸು ಬಂದರು. "ಇವತ್ತಿಂದಲೇ ಇಬ್ಬರು ಸೆಕ್ಯುರಿಟಿಯವರನ್ನ ಕಳಿಸ್ತೀವಿ. ಮಕ್ಕಳು ದಾಟಿದ ಮೇಲೇ ನಮ್ಮ ಬಸ್ಸು ಬಿಡ್ತೀವಿ. ದಯವಿಟ್ಟು ಸ್ಟೂಲಿಂದ ಇಳೀರಿ!"

ಅಂದು ಸಂಜೆ ಖಾಕಿ ತೊಟ್ಟ ಇಬ್ಬರು ಸೀಟಿ ಊದಿ ಲಾರಿಗಳನ್ನು ನಿಲ್ಲಿಸಿದರು. ಮಕ್ಕಳು ಕೈ ಕೈ ಹಿಡಿದು ದಾಟಿದರು. ಹರಿದ ಲಂಗಕ್ಕೆ ತೇಪೆ ಹಾಕಿಸಿಕೊಂಡಿದ್ದ ಹುಡುಗಿ ಆ ಕಡೆ ಹೋಗಿ ನನಗೆ ಟಾಟಾ ಮಾಡಿದಳು. ನಾನು ಶಾಲೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನ ಆ ಫ್ಯಾಕ್ಟರಿಯ ನಿಜವಾದ ಯೂನಿಯನ್ ಲೀಡರು ಶಾಲೆಗೆ ಬಂದರು. ದಪ್ಪ ಮೀಸೆ, ದೊಡ್ಡ ದನಿ. ನಮ್ಮ ಗೇಟಿನಲ್ಲಿ ನಿಮಗೇನು ಕೆಲಸ ಎಂದು ಬೈಯುತ್ತಾರೆಂದು ನಾನು ಎದ್ದು ನಿಂತೆ. ಅವರು ಕೈ ಮುಗಿದರು.

"ಮೇಡಂ, ಕ್ಯಾಂಟೀನ್ ಸಾಂಬಾರಿಗೆ ಬೇಳೆ ಹಾಕಿ ಅಂತ ನಾನು ವರ್ಷಗಟ್ಟಲೆಯಿಂದ ಅದೇ ಗೇಟಲ್ಲಿ ಗಂಟ್ಲು ಹರ‍್ಕೋತಿದ್ದೀನಿ. ಒಂದು ಕಾಳು ಬಿದ್ದಿಲ್ಲ. ನಾಳೆ ಸ್ವಲ್ಪ ಬಿಡುವು ಮಾಡ್ಕೊಂಡು ಬನ್ನಿ."

"ನನಗೆ ಸಾಂಬಾರಿನ ವಿಷಯ ಮಾತಾಡೋಕೆ ಬರಲ್ಲ ಸಾರ್."

"ಮಾತಾಡೋದೇನೂ ಬೇಡ ಮೇಡಂ. ಸುಮ್ನೆ ಸ್ಟೂಲ್ ಹತ್ತಿ ನಿಂತ್ಕೊಳ್ಳಿ, ಬೇಳೆ ಬೀಳುತ್ತೆ."