ಚಂದ್ರಿಯ ಕೊಟ್ಟಿಗೆಯ ಚಿಲಕ

ಶಿದ್ದಪ್ಪನ ತೊಂದರೆಗೆಲ್ಲ ಮೂಲ ಬೆರಳುದ್ದದ ಒಂದು ಕಬ್ಬಿಣದ ಚಿಲಕ. ಅದು ಬೈರಿದೇವರಕೊಪ್ಪದ ಅವನ ದನದ ಕೊಟ್ಟಿಗೆಯ ಬಾಗಿಲಿಗೆ, ಒಳಮಗ್ಗುಲಿಗೆ ಇತ್ತು. ಸುತ್ತಲೂ ಮೂರಂತಸ್ತು ನಾಲ್ಕಂತಸ್ತಿನ ಮನೆಗಳು ಎದ್ದು ನಿಂತರೂ ಆ ಕೊಟ್ಟಿಗೆಯಾಗಲಿ, ಅದರೊಳಗಿನ ಎಮ್ಮೆ ಚಂದ್ರಿಯಾಗಲಿ ಜಾಗ ಬಿಟ್ಟು ಕದಲಿರಲಿಲ್ಲ. ಚಂದ್ರಿಯ ಹಾಲು ಓಣಿಯ ಎಂಟು ಮನೆಗೆ ಹೋಗುತ್ತಿತ್ತು. ಶಿದ್ದಪ್ಪನ ಮನೆಯ ಹಾಲೆಂದರೆ ಬೆರಳು ಅದ್ದಿ ಎತ್ತಿದರೆ ಬೆರಳಿಗೆ ಅಂಗಿ ತೊಡಿಸಿದ ಹಾಗೆ ಅಂಟುತ್ತದೆ ಎಂಬ ಮಾತಿತ್ತು. ಅಪ್ಪನ ಕಾಲದಿಂದ ಬಂದ ಹೆಸರು ಅದು.

ಒಂದೂವರೆ ತಿಂಗಳ ಹಿಂದೆ ಹೆಂಡತಿ ದೇವಕ್ಕ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಹಿಂಡುವ ಕೆಲಸ ಶಿದ್ದಪ್ಪನ ಪಾಲಿಗೆ ಬಂತು. ಅಂದಿನಿಂದಲೇ ಅವನು ಹಿಂಡುವ ಹೊತ್ತಿಗೆ ಒಳಗಿನಿಂದ ಚಿಲಕ ಹಾಕತೊಡಗಿದ.

ಹಾಲಿದ್ದಲ್ಲಿ ಚಿಲಕ ಬಿದ್ದರೆ ಹೊರಗಿದ್ದವರ ಕಿವಿಗೆ ನೀರು ಸುರಿದ ಸಪ್ಪಳವೇ ಕೇಳುತ್ತದೆ. ಮೊದಲು ಕೇಳಿದ್ದು ಎದುರು ಮನೆಯ ಬಾಳಕೃಷ್ಣ ಮಾಸ್ತರರಿಗೆ. ನಿವೃತ್ತರಾದ ಮೇಲೆ ಅವರಿಗೆ ಓಣಿಯೇ ಸಾಲೆ, ಕೈಯೊಳಗಿನ ಮೊಬೈಲೇ ಬೆತ್ತ.

"ಏನೋ ಶಿದ್ದಪ್ಪಾ, ದೇವಕ್ಕ ಹಿಂಡೂ ಮುಂದ ಬಾಗಲಾ ತೆರದೇ ಇರ್ತಿತ್ತು. ನಿನ್ನ ಕೈಗೆ ಬಂದ ಮ್ಯಾಲೆ ಚಿಲಕ ಬಿತ್ತಲ್ಲ. ಒಳಗ ಏನ್ ನಡದದ?"

"ಎಮ್ಮಿ ಬೆದರತೈತ್ರಿ ಮಾಸ್ತರ."

"ಮೂವತ್ತೈದು ವರ್ಷ ಹುಡುಗರ ಬಾಯಾಗಿನ ಸುಳ್ಳ ಕೇಳೀನಪಾ. ಇದೂ ಅದರಾಗಿಂದ ಒಂದು."

ಒಂದು ಭಾನುವಾರ ಬೆಳಿಗ್ಗೆ ಎರಡು ಮನೆಯವರು ಇನ್ನು ಹಾಲು ಬೇಡ ಎಂದು ಪಾತ್ರೆ ಬೋರಲು ಹಾಕಿಟ್ಟರು.

ನಿಜ ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ನಿಜ ಹೇಳುವಂಥದ್ದಾಗಿರಲಿಲ್ಲ. ಚಂದ್ರಿ ದೇವಕ್ಕನನ್ನು ಬಿಟ್ಟು ಯಾರನ್ನೂ ಕೆಚ್ಚಲ ಹತ್ತಿರ ಸೇರಿಸುತ್ತಿರಲಿಲ್ಲ. ಮೊದಲ ದಿನ ಬಕೆಟ್ಟನ್ನೂ ಶಿದ್ದಪ್ಪನನ್ನೂ ಒಂದೇ ಒದೆಗೆ ತಿಪ್ಪೆಯ ತನಕ ಕಳಿಸಿತ್ತು. ಆಗ ದೇವಕ್ಕ ಗೂಟದ ಮೇಲಿನ ತನ್ನ ಹಸಿರು ಸೀರೆ ಕೊಟ್ಟಳು. ದಿನಾ ಹಿಂಡುವಾಗ ಉಡುವ, ತೊಳೆಯದ, ಸೆಗಣಿ-ಹಿಂಡಿ-ಬೆವರು ಎಲ್ಲ ಕೂಡಿದ ಸೀರೆ. ಎಮ್ಮೆಗೆ ಹಿಂಡುವವಳ ವಾಸನೆಯೇ ಬರಲೆಂದು ಹಳೆಯ ಕಾಲದವರು ಹೀಗೇ ಅವಳ ಬಟ್ಟೆ ಉಡುತ್ತಿದ್ದರು. ಶಿದ್ದಪ್ಪ ಅದನ್ನುಟ್ಟು, ಮೀಸೆ ಮುಚ್ಚುವಂತೆ ಸೆರಗು ಹೊದ್ದು ಕೂತರೆ ಚಂದ್ರಿ ಒಮ್ಮೆ ಮೂಸಿ, ಒಂದು ನಿಟ್ಟುಸಿರು ಬಿಟ್ಟು, ಹಾಲು ಇಳಿಸುತ್ತಿತ್ತು.

ಬಾಗಿಲು ತೆರೆದರೆ ಮೀಸೆಯ ಮಾನ ಹೋಗುತ್ತದೆ, ಮುಚ್ಚಿದರೆ ಹಾಲಿನ ಮಾನ ಹೋಗುತ್ತದೆ. ಶಿದ್ದಪ್ಪನಿಗೆ ಒಂದೇ ಸಮಾಧಾನವೆಂದರೆ ಒಂದು ದಿನವೂ ಒಂದು ಮನೆಗೂ ಹಾಲು ಕಡಿಮೆ ಬಿದ್ದಿರಲಿಲ್ಲ.

"ನೋಡಿದ್ಯಾ? ಚಂದ್ರಿ ನಿನಗ ಕೊಟ್ಟಷ್ಟು ನನಗೂ ಕೊಡತೈತಿ," ಎಂದು ಆಗಾಗ ಹೆಂಡತಿಯ ಮುಂದೆ ಮೀಸೆ ತಿರುವುತ್ತಿದ್ದ. ದೇವಕ್ಕ "ಹೂಂ" ಎಂದು ಹಾಲಿನ ಅಳತೆಗೆ ಏಳುತ್ತಿದ್ದಳು. ಅಳೆದು ಹಾಕುವುದು ಮಾತ್ರ ಅವಳದೇ ಕೆಲಸ. ಅದಕ್ಕೆ ಎಡಗೈ ಸಾಕಾಗುತ್ತಿತ್ತು.

ಅದೇ ಭಾನುವಾರ ಮೊಮ್ಮಗಳು ಕಾವೇರಿಗೆ ಆರು ತುಂಬಿತ್ತು. ಮಗಳು ಗೀತಾಂಜಲಿ ಕಾರು ತಂದು, ಶಿರಗುಪ್ಪಿಯ ಆಚೆ ಹೊಸದಾಗಿ ಆಗಿದ್ದ ಪರದೇಶದ ಪ್ರಾಣಿಗಳ ತೋಟಕ್ಕೆ ಎಲ್ಲರನ್ನೂ ಹೊರಡಿಸಿದಳು. ಅಲ್ಲಿ ಪಂಜರದಾಚೆ ನಿಂತು ನೋಡುವುದಲ್ಲ, ಮುಟ್ಟಬಹುದು, ಮೈಮೇಲೆ ಬಿಟ್ಟುಕೊಳ್ಳಬಹುದು, ಕೈಯಾರೆ ತಿನ್ನಿಸಬಹುದು. ಕಾರಿನಲ್ಲಿ ಒಂದು ಸೀಟು ಖಾಲಿ ಇರುವುದು ಬಾಳಕೃಷ್ಣ ಮಾಸ್ತರರಿಗೆ ತಮ್ಮ ಕಟ್ಟೆಯ ಮೇಲಿಂದಲೇ ಕಂಡಿತು.

"ಖಾಲಿ ಸೀಟ್ ಒಯ್ಯಬಾರದವಾ ತಂಗಿ, ಅಪಶಕುನ," ಎಂದು ಬಂದು ಕೂತೇಬಿಟ್ಟರು.

ತೋಟದೊಳಗೆ ಕಾಲಿಟ್ಟ ಗಳಿಗೆಯಿಂದ ಶಿದ್ದಪ್ಪನ ಗ್ರಹಚಾರ ಶುರುವಾಯಿತು. ಕೆಂಪು ನೀಲಿ ಬಣ್ಣದ, ಕೋಳಿಗಿಂತ ದೊಡ್ಡದಾದ ಗಿಳಿಯೊಂದು ಹೆಗಲ ಮೇಲೆ ಕೂತು, ಅವನ ಟೊಪ್ಪಿಗೆ ಎತ್ತಿಕೊಂಡು ತೊಲೆಯ ಮೇಲೆ ಹೋಗಿ, ಮದುವೆಗೆ ವರನನ್ನು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿತು. ಹಸಿರು ಓತಿಕ್ಯಾತನ ದೊಡ್ಡಪ್ಪನಂತಿದ್ದ ಇನ್ನೊಂದು ಜೀವಿ ಅವನ ಧೋತರ ಹಿಡಿದು ಮೇಲೇರಿ, ಸೊಂಟದ ಹತ್ತಿರ ನಿದ್ದೆ ಹೋಯಿತು. ಅದನ್ನು ಬಿಡಿಸಲು ಬಂದ ತೋಟದ ಆಳು ಓತಿಯ ಜೊತೆಗೆ ಅರ್ಧ ಧೋತರವನ್ನೂ ಬಿಡಿಸಿದ. ಮಾಸ್ತರರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದರು.

"ಪ್ರಾಣಿಗೋಳಿಗೆ ಮನಷ್ಯಾರ ಒಳಗಿನ ಗುಟ್ಟು ತಿಳೀತದಂತ ಶಿದ್ದಪ್ಪ. ಅದಕ್ಕ ನಿನ್ನ ತಪಾಸಣಿ ನಡಸ್ಯಾವ."

ಕಾವೇರಿಗೆ ಇದಾವುದೂ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಲಾಮಾ. ಒಂಟೆಯ ಕತ್ತನ್ನು ಕುರಿಯ ಮೈಗೆ ಹೊಲಿದಂತಿದ್ದ ಆ ಪ್ರಾಣಿಗೆ ರಾಣಿ ಎಂದು ಹೆಸರು. ಅದಕ್ಕೆ ಗಜ್ಜರಿ ಗಡ್ಡೆ ತಿನ್ನಿಸಬೇಕೆಂದು ಹುಡುಗಿ ಎಂಟು ದಿನದಿಂದ ಕನಸು ಕಾಣುತ್ತಿದ್ದಳು. ಆದರೆ ರಾಣಿ ಮೂಲೆಗೆ ಮುಖ ಮಾಡಿ, ತವರಿನಿಂದ ಕರೆಯಲು ಯಾರೂ ಬಾರದ ಸೊಸೆಯಂತೆ ನಿಂತಿತ್ತು. ಮುಂದೆ ಹುಲ್ಲು ಒಣಗಿತ್ತು.

ತೋಟ ನೋಡಿಕೊಳ್ಳುವ ಹನಮೇಶ ಕೈ ಮುಗಿದ. "ಮೂರು ದಿನಾ ಆತ್ರಿ, ಬಾಯಾಗ ಕಡ್ಡಿ ಇಟ್ಟಿಲ್ಲ. ಇದನ್ನ ನೋಡಿಕೊಳ್ಳೂ ಅಬೀದಾ ತನ್ನ ಅಕ್ಕನ ಬಾಣಂತನಕ್ಕ ಸತ್ತೂರಿಗೆ ಹೋಗ್ಯಾಳ. ಡಾಕ್ಟರ್ ಬಂದು ನೋಡಿ, ರೋಗ ಏನಿಲ್ಲ ಅಂದ್ರು. ಯಾರ ಹೋದರೂ ಉಗಳತೈತ್ರಿ."

"ಸರೀರಿ, ಇದಕ್ಕ ಪ್ರೀತೀಲೆ ತಿಳಿಸಿ ಹೇಳಬೇಕು," ಎಂದು ಮಾಸ್ತರರು ಗಜ್ಜರಿ ಹಿಡಿದು ಮುಂದೆ ಹೋದರು. ಹೋಗಿ, "ನೋಡವಾ, ಅನ್ನದ ಮ್ಯಾಲೆ ಸಿಟ್ಟ ಮಾಡಬಾರದು," ಎಂದು ಪಾಠ ಶುರುಮಾಡಿದರು. ರಾಣಿ ನಿಧಾನ ತಿರುಗಿತು. ಪಾಠ ಪೂರ್ತಿ ಕೇಳಿಸಿಕೊಂಡಿತು. ಆಮೇಲೆ ಅವರ ಕನ್ನಡಕದ ಎರಡೂ ಗಾಜಿಗೆ ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ಹಸಿರು ರಸ ಹಂಚಿತು.

ಜನ ನಕ್ಕರು. ಶಿದ್ದಪ್ಪ ಮಾತ್ರ ನಗಲಿಲ್ಲ. ಅವನು ಆ ಪ್ರಾಣಿಯ ಕಣ್ಣು ನೋಡುತ್ತಿದ್ದ. ದೇವಕ್ಕ ಆಸ್ಪತ್ರೆಯಲ್ಲಿದ್ದ ದಿನ ಚಂದ್ರಿ ಬಾಗಿಲ ಕಡೆ ನೋಡಿದ್ದು ಇದೇ ಕಣ್ಣಿನಿಂದ. ಇದಕ್ಕೆ ಮದ್ದು ಏನೆಂದು ಆ ತೋಟದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ಮಾಸ್ತರರು ಚಿಲಕಕ್ಕೂ ಸೀರೆಗೂ ಗಂಟು ಹಾಕಲು ಎಷ್ಟು ಹೊತ್ತು? ಅವನು ತುಟಿ ಬಿಗಿದು ನಿಂತ.

ಕಾವೇರಿ ಅವನ ಬೆರಳು ಜಗ್ಗಿದಳು. ಅವಳ ಗಲ್ಲದ ಮೇಲೆ ನೀರಿತ್ತು. "ಅಜ್ಜಾ, ಅದಕ್ಕ ಹಸುವಾಗೈತಿ. ನಿನಗ ಎಮ್ಮಿ ಮಾತು ತಿಳೀತೈತಲ್ಲ, ಇದರದೂ ಕೇಳು."

ಅಷ್ಟಕ್ಕೇ ಶಿದ್ದಪ್ಪನ ತುಟಿ ಬಿಚ್ಚಿತು. "ಹನಮೇಶಪ್ಪಾ, ಆ ಅಬೀದಾಬಾಯಿ ಅರಿವಿ ಏನರ ಅದಾವೇನು ಇಲ್ಲೆ? ಉಟ್ಟು ಬಿಟ್ಟದ್ದು ಬೇಕು. ತೊಳದದ್ದು ನಡಿಯಂಗಿಲ್ಲ."

ಹನಮೇಶ ಕಕ್ಕಾಬಿಕ್ಕಿಯಾಗಿ ಒಳಗೆ ಹೋಗಿ, ಮೊಳೆಗೆ ತೂಗಿದ್ದ ಖಾಕಿ ಕೋಟು, ಹಳದಿ ಓಢಣಿ ತಂದ. ಶಿದ್ದಪ್ಪ ಕೋಟು ತೊಟ್ಟ. ಗುಂಡಿ ಹೊಟ್ಟೆಯ ಹತ್ತಿರ ಕೈಕೊಟ್ಟಿತು. ಓಢಣಿಯನ್ನು ರೂಢಿಯ ಕೈಯಿಂದ ತಲೆಯ ಮೇಲೆ ಹೊದ್ದು, ಮೀಸೆ ಮುಚ್ಚುವಂತೆ ಒಂದು ಸುತ್ತು ಎಳೆದುಕೊಂಡ. ಜನರಲ್ಲಿ ಕಿಸಕಿಸ ಎದ್ದಿತು. ಅವನು ತಿರುಗಿ ನೋಡಲಿಲ್ಲ. ಒಳಗೆ ಹೋಗಿ, ಗಜ್ಜರಿ ಹಿಡಿದು, ಮಾತಾಡದೆ ನೆಲಕ್ಕೆ ಕೂತ.

ರಾಣಿಯ ಕಿವಿ ಎದ್ದವು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಕೋಟಿನ ತೋಳು ಮೂಸಿತು, ಓಢಣಿ ಮೂಸಿತು. ಮೂಗಿನಲ್ಲೇ ಹೂಂ ಎಂದು ಸಣ್ಣ ರಾಗ ತೆಗೆದು, ಗಜ್ಜರಿಯನ್ನು ಕಟುಮ್ಮೆಂದು ಕಡಿಯಿತು. ಎರಡನೆಯದನ್ನು ಕಾವೇರಿ ಅಜ್ಜನ ತೊಡೆಯ ಮೇಲೆ ಕೂತು ತಿನ್ನಿಸಿದಳು. ಬುಟ್ಟಿ ಖಾಲಿಯಾಗುವ ಹೊತ್ತಿಗೆ ಕಿಸಕಿಸ ಎಂದವರೇ ಚಪ್ಪಾಳೆ ತಟ್ಟುತ್ತಿದ್ದರು. ಹನಮೇಶ ಕಣ್ಣೊರೆಸಿಕೊಂಡು, "ಕಾಕಾ, ನಿಮ್ಮ ಫೋಟೋ ಬಾಗಲದಾಗ ಹಾಕಸ್ತೇನಿ," ಎಂದ. ಗಿಳಿ ಕೂಡ ಟೊಪ್ಪಿಗೆ ಕೆಳಗೆ ಬಿಟ್ಟಿತು.

ಕನ್ನಡಕ ಒರೆಸಿಕೊಂಡ ಮಾಸ್ತರರು ಮೊಬೈಲ್ ಎತ್ತಿ ಮುಂದೆ ಬಂದರು. "ಶಿದ್ದಪ್ಪ, ಈ ವಿದ್ಯಾ ನಿನಗ ಹೆಂಗ ಗೊತ್ತು? ಓಢಣಿ ಹೊದ್ದ ಕೈಗೆ ರೂಢಿ ಇದ್ದಂಗದ."

ಶಿದ್ದಪ್ಪ ಸುತ್ತ ನೋಡಿದ. ಯಾರ ಮುಖದಲ್ಲೂ ನಗೆಯಿರಲಿಲ್ಲ. ಅವನು ಓಢಣಿ ಸರಿಸಿ ಮೀಸೆ ಹೊರಗೆ ಹಾಕಿದ.

"ಇದ್ದದ್ದು ಹೇಳತೇನ್ರಿ. ದೇವಕ್ಕನ ಸೀರಿ ಉಟಗೊಂಡು ದಿನಾ ಎಮ್ಮಿ ಹಿಂಡತೇನಿ. ನಾಚಿಕ್ಯಾಗಿ ಚಿಲಕಾ ಹಾಕತಿದ್ದೆ. ಇವತ್ತ ನಾಚಿಕಿ ಮುಗೀತು. ಇನ್ನ ಬಾಗಲಾ ತೆರದ ಹಿಂಡತೇನಿ, ಬೇಕಾದವರು ಬಂದ ನೋಡ್ರಿ. ನನ್ನ ಮನಿ ಹಾಲಿನ್ಯಾಗ ಒಂದ ಹನಿ ನೀರ ಇದ್ದರ, ಅದ ಹಸರ ಸೀರಿ ಉಟಗೊಂಡು ಹಾಡಹಗಲ ಉಣಕಲ್ಲ ಕೆರಿ ತನಕಾ ನಡಕೋತ ಹೋಗತೇನಿ."

ಹಿಂದಿನಿಂದ ದೇವಕ್ಕ ಎಡಗೈಯಲ್ಲಿ ಕೋಟು ಜಗ್ಗಿದಳು. "ಸಾಕ ನಡೀರಿ, ಬಿಸಲ ಭಾಳ ಐತಿ." ಗಂಡನ ಕೀರ್ತಿಗೆ ಅವಳಿಗೆ ಸಂಕೋಚವಾಗಿರಬೇಕೆಂದು ಶಿದ್ದಪ್ಪ ಮತ್ತಷ್ಟು ಎದೆಯುಬ್ಬಿಸಿದ. ಮಾಸ್ತರರು ಆ ಆಣೆಯನ್ನು ಆಗಲೇ ಓಣಿಯ ಎಲ್ಲರ ಮೊಬೈಲಿಗೆ ಕಳಿಸಿಬಿಟ್ಟಿದ್ದರು.

ಸಂಜೆ ಕೊಟ್ಟಿಗೆಯ ಮುಂದೆ ಅರ್ಧ ಓಣಿ ನೆರೆದಿತ್ತು. ಬಾಗಿಲು ಹಾರು ಹೊಡೆದು ತೆರೆದಿತ್ತು. ಶಿದ್ದಪ್ಪ ಲಾಮಾದ ವಾಸನೆ ಹೋಗುವಂತೆ ಮೈ ತಿಕ್ಕಿ ತೊಳೆದು, ಹಸಿರು ಸೀರೆಯುಟ್ಟು, ಮದುಮಗನ ಗತ್ತಿನಿಂದ ಬಂದು ಕೂತ. ಚಂದ್ರಿ ಮೂಸಿತು, ನಿಟ್ಟುಸಿರು ಬಿಟ್ಟಿತು, ಹಾಲು ಇಳಿಸಿತು. ಬಕೆಟ್ಟಿನಲ್ಲಿ ನೊರೆ ಏಳುವುದನ್ನು ಜನ ಆರತಿ ನೋಡಿದಂತೆ ನೋಡಿದರು.

"ನನ್ನದು ತಪ್ಪಾತು ಶಿದ್ದಪ್ಪ," ಎಂದರು ಮಾಸ್ತರರು ಎಲ್ಲರ ಎದುರಿಗೆ. "ನಾಳಿಂದ ನಮ್ಮನಿಗೆ ಅರ್ಧ ಲೀಟರ್ ಹೆಚ್ಚಿಗಿ ಹಾಕು."

ಬಿಟ್ಟ ಎರಡು ಮನೆಯವರು ತಿರುಗಿ ಬಂದರು. ಹೊಸದಾಗಿ ನಾಲ್ಕು ಮನೆಯವರು ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲ ಹೊರಗೆ ಸಾಲು ನಿಂತರು.

ಶಿದ್ದಪ್ಪ ಸೀರೆಯಲ್ಲೇ ಬಕೆಟ್ಟು ಹೊತ್ತು ಒಳಗೆ ಬಂದ. "ಹನ್ನೆರಡ ಮನಿ ಆದೂ ದೇವಕ್ಕ. ಎಲ್ಲಾರಿಗೂ ಸಾಲತೈತೇನು?"

ದೇವಕ್ಕ ಬಕೆಟ್ಟಿನೊಳಗೆ ನೋಡಿದಳು. ಗಂಡನ ಮುಖ ನೋಡಿದಳು.

"ಎಂಟ ಮನಿಗೆ ಯಾವಾಗ ಸಾಲತಿತ್ರಿ?"

"ಅಂದ್ರ?"

"ಚಂದ್ರಿ ನಿಮ್ಮ ಕೈಗೆ ಒಂದ ದಿನಾನೂ ಪೂರ್ತಿ ಹಾಲ ಬಿಟ್ಟಿಲ್ಲ. ಐದ ಮನಿಗೆ ಆಗೂವಷ್ಟ ಕೊಡತೈತಿ, ಅಷ್ಟ. 'ನಿನಗ ಕೊಟ್ಟಷ್ಟ ನನಗೂ ಕೊಡತೈತಿ' ಅಂತ ನೀವು ಅಷ್ಟ ಖುಷೀಲೆ ಮೀಸಿ ತಿರುವೂ ಮುಂದ, ಇಲ್ಲ ಅಂತ ಹೆಂಗ ಹೇಳಲಿ? ಕಡಿಮಿ ಬಿದ್ದದ್ದನ್ನ ನಾನು ತುಂಬಸತಿದ್ದೆ."

"ಏನ್ಲೆ ತುಂಬಸತಿದ್ದಿ?"

ದೇವಕ್ಕ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಚಿಲಕ ಹಾಕಿದಳು. ಆಮೇಲೆ ನೀರಿನ ಹಂಡೆಯ ಮೇಲಿನ ತಂಬಿಗೆ ಎಡಗೈಗೆ ತೆಗೆದುಕೊಂಡಳು.

ಹೊರಗಿನಿಂದ ಬಾಳಕೃಷ್ಣ ಮಾಸ್ತರರ ದನಿ ಬಂತು. "ದೇವಕ್ಕಾ, ಇದೇನಿದು, ಅಡಗೀಮನಿಗೆ ಯಾಕ ಚಿಲಕ ಬಿತ್ತು?"

ಶಿದ್ದಪ್ಪ ಮೈಮೇಲಿನ ಹಸಿರು ಸೀರೆ ನೋಡಿಕೊಂಡ. ಉಣಕಲ್ಲ ಕೆರೆ ಅಲ್ಲಿಂದ ಎಷ್ಟು ದೂರವಾದೀತೆಂದು ಮನಸ್ಸಿನಲ್ಲೇ ಅಳೆಯುತ್ತ, ಸೆರಗನ್ನು ಮೀಸೆಯ ಮೇಲೆ ಎಳೆದುಕೊಂಡ.