ಎಡಕ್ಕೇ ಎಳೆಯುವ ವಿಮಾನ

ಯುದ್ಧವಿಮಾನ ನಡೆಸುವುದು ಸ್ಕೂಟರ್ ನಡೆಸುವುದಕ್ಕಿಂತ ಸುಲಭ. ಇದು ಯಾರೋ ಹೇಳಿದ ಮಾತಲ್ಲ, ನನ್ನ ಸ್ವಂತ ಅನುಭವವಾಗಿತ್ತು. ನನ್ನ ಸ್ಕೂಟರು ಪುಣೆಯ ಕೋಥರೂಡಿನ ನಮ್ಮ ಹೌಸಿಂಗ್ ಸೊಸೈಟಿಯ ಗೇಟು ದಾಟಬೇಕಾದರೆ ಮೊದಲು ಅದನ್ನು ಒಂದು ಬದಿಗೆ ವಾಲಿಸಬೇಕು, ಆಮೇಲೆ ಒದೆಯಬೇಕು, ಕೊನೆಗೆ ಕೈಮುಗಿಯಬೇಕು. ವಿಮಾನ ಹಾಗಲ್ಲ. ಒಂದು ಗುಂಡಿ ಒತ್ತಿದರೆ ಆಕಾಶ!

ವಿಮಾನ ಇದ್ದದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲಿ. ಮನೆಮನೆಗೆ ಕಂಪ್ಯೂಟರು ಬರತೊಡಗಿದ್ದ ಕಾಲ ಅದು. ಬಾಗಲಕೋಟೆಯಿಂದ ಬಂದು ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆದುಕೊಂಡಿದ್ದ ನಾನು, "ಆಫೀಸಿನ ಕೆಲಸ ಮನೆಯಲ್ಲೇ ಮುಗಿಸಬಹುದು" ಎಂದು ಹೆಂಡತಿ ಶಾರದೆಯನ್ನು ನಂಬಿಸಿ ಒಂದನ್ನು ತಂದೆ. ಅಂಗಡಿಯವನು ಜೊತೆಗೆ ಎರಡನೇ ಮಹಾಯುದ್ಧದ ವಿಮಾನ ಕಾಳಗದ ಒಂದು ಸಿ.ಡಿ.ಯನ್ನೂ ವಿಮಾನ ಹೊರಳಿಸುವ ಕೋಲಾದ ಜಾಯ್‌ಸ್ಟಿಕ್ಕನ್ನೂ ದಾಟಿಸಿದ. ಅಂದಿನಿಂದ ಆಫೀಸಿನ ಕೆಲಸ ಆಫೀಸಿನಲ್ಲೇ ಉಳಿಯಿತು.

ಆ ಆಟದಲ್ಲಿ 'ರಿಯಲಿಸಂ' ಎಂಬ ಒಂದು ಪುಟವಿತ್ತು. ವಿಮಾನ ನಿಜವಾದ ವಿಮಾನದಂತೆ ಎಷ್ಟರಮಟ್ಟಿಗೆ ವರ್ತಿಸಬೇಕು ಎಂದು ಅದು ನಮ್ಮನ್ನೇ ಕೇಳುತ್ತಿತ್ತು. ಪೆಟ್ರೋಲು ಖಾಲಿಯಾಗಬೇಕೆ? ಬೇಡ. ಗುಂಡುಗಳು ಮುಗಿಯಬೇಕೆ? ಛೆ, ಯಾತಕ್ಕೆ? ಗುಡ್ಡಕ್ಕೆ ಬಡಿದರೆ ಪುಡಿಯಾಗಬೇಕೆ? ಅಪಶಕುನ! ಕಾರ್ಖಾನೆಯಲ್ಲಿ ಇರುವ ಕಷ್ಟವೇ ಸಾಕಾಗಿದೆ, ಮನೆಯಲ್ಲೂ ಬೇಕೆ ಎಂದು ಎಲ್ಲ ಸಾಲುಗಳ ಮುಂದಿನ ಗುರುತನ್ನೂ ತೆಗೆದುಹಾಕಿದೆ. ಪರಿಣಾಮವಾಗಿ ನನ್ನ ವಿಮಾನ ಗುಡ್ಡಕ್ಕೆ ಬಡಿದರೆ ಚೆಂಡಿನಂತೆ ಪುಟಿದು ಮತ್ತೆ ಮೇಲೇರುತ್ತಿತ್ತು. ಶತ್ರುಗಳು ಮಾತ್ರ ಪಾಪ, ಒಂದೇ ಗುಂಡೇಟಿಗೆ ಬೀಳುತ್ತಿದ್ದರು. ಹೀಗೆ ಕೆಲವೇ ವಾರಗಳಲ್ಲಿ ನಾನು ಮಹಾ ಪರಾಕ್ರಮಿಯಾದೆ.

"ನಿಮ್ಮ ಇಮಾನಕ್ಕ ಪೆಟ್ರೋಲ್ ಹಾಕೋದು ಬ್ಯಾಡೇನ್ರಿ?" ಎಂದು ಶಾರದೆ ಒಮ್ಮೆ ಕೇಳಿದಳು.

"ಬೇಡ. ಹಂಗ ಸೆಟ್ ಮಾಡೇನಿ."

"ಸ್ಕೂಟರನೂ ಹಂಗ ಸೆಟ್ ಮಾಡ್ರಿ ಮತ್ತ. ಉತ್ತರನ ಪೌರುಷ ಒಲಿ ಮುಂದ!"

ಇಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಆದರೆ ನಮ್ಮ ಸೊಸೈಟಿಯಲ್ಲಿ ನನಗೊಂದು ಹಳೆಯ ನೋವಿತ್ತು. ಪ್ರತಿ ಗಣೇಶೋತ್ಸವದಲ್ಲೂ ಒಬ್ಬೊಬ್ಬರಿಗೆ ಒಂದೊಂದು ಹೊಣೆ ಹಂಚುತ್ತಾರೆ: ಒಬ್ಬರಿಗೆ ಆರತಿ, ಒಬ್ಬರಿಗೆ ಪ್ರಸಾದ, ಒಬ್ಬರಿಗೆ ದೇಖಾವೆ, ಅಂದರೆ ಗಣಪತಿಯ ಮುಂದಿನ ಅಲಂಕಾರ, ದೃಶ್ಯ ಇತ್ಯಾದಿ. ನಾವು ಆ ಸೊಸೈಟಿಗೆ ಬಂದ ವರ್ಷದಿಂದಲೂ ನನ್ನ ಪಾಲಿಗೆ ಬಂದದ್ದು ಚಪ್ಪಲಿ ವಿಭಾಗ! ಮಂಟಪದ ಹೊರಗೆ ಕೂತು ಜನರ ಚಪ್ಪಲಿ ಪಡೆದು ಟೋಕನ್ ಕೊಡುವುದು. "ನೀವು ಲೆಕ್ಕದವರು, ಹೆಚ್ಚುಕಡಿಮೆ ಆಗುವುದಿಲ್ಲ" ಎಂದು ಅಧ್ಯಕ್ಷರಾದ ದೇಶಪಾಂಡೆ ಕಾಕಾ ಪ್ರತಿವರ್ಷ ಹೊಗಳಿ ಅಲ್ಲೇ ಕೂರಿಸುತ್ತಿದ್ದರು. ನನಗಿಂತ ಹೆಚ್ಚು ನೊಂದವಳು ಶಾರದೆ. ಹೆಂಗಸರೆಲ್ಲ ಅವಳನ್ನು 'ಚಪ್ಪಲ್‌ವಾಲೇ ಗಲಗಲೀಂಚಿ ಮಿಸೆಸ್', ಅಂದರೆ ಚಪ್ಪಲಿ ಗಲಗಲಿಯವರ ಹೆಂಡತಿ, ಎಂದೇ ಗುರುತಿಸುತ್ತಿದ್ದರು.

ಆ ವರ್ಷದ ಸಭೆಯಲ್ಲಿ ದೇಖಾವೆ ಏನಿರಬೇಕೆಂದು ಚರ್ಚೆ ನಡೆಯಿತು. ನಾನು ಎದ್ದು ನಿಂತು ಮರಾಠಿಯಲ್ಲಿ ಘೋಷಿಸಿದೆ: "ಗಣಪತಿಯ ಮುಂದೆ ಯುದ್ಧವಿಮಾನ ಹಾರಿಸುತ್ತೇನೆ. ಥರ್ಮಾಕೋಲಿನ ವಿಮಾನ, ಒಳಗೆ ನನ್ನ ಕಂಪ್ಯೂಟರು, ಪಕ್ಕದಲ್ಲಿ ದೊಡ್ಡ ಪರದೆ. ನಾನು ಒಳಗೆ ಕೂತು ನಡೆಸಿದ್ದನ್ನೆಲ್ಲ ಜನ ಪರದೆಯ ಮೇಲೆ ನೋಡಬಹುದು. ಇಡೀ ಪುಣೆಯಲ್ಲೇ ಇಂಥದ್ದು ಇರಲಿಕ್ಕಿಲ್ಲ!"

"ಅರೆ ವ್ವಾ! ನಿಮಗೆ ವಿಮಾನ ನಡೆಸಲು ಬರುತ್ತದೆಯೇ?" ಎಂದರು ಕಾಕಾ.

"ನಿಜವಾದ ವಿಮಾನಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ" ಎಂದುಬಿಟ್ಟೆ.

ಈ ಒಂದು ವಾಕ್ಯವನ್ನು ಆಡದೆ ಇದ್ದಿದ್ದರೆ! ಕಾಕಾ ಎಷ್ಟು ಹಿಗ್ಗಿದರೆಂದರೆ, ಉದ್ಘಾಟನೆಗೆ ತಮ್ಮ ಪರಿಚಯದ ಒಬ್ಬ ನಿವೃತ್ತ ವಿಂಗ್ ಕಮಾಂಡರರನ್ನೇ ಕರೆದರು. ಬದುಕೆಲ್ಲ ಯುದ್ಧವಿಮಾನ ನಡೆಸಿದವರು. ಮೇಲಾಗಿ ಧಾರವಾಡದವರು! ನಮ್ಮ ಕಡೆಯವರ ಮುಂದೆ ಮೆರೆಯುವ ಯೋಗ ಎಂದು ನಾನು ಹಿಗ್ಗಿದೆ. ಚಪ್ಪಲಿ ವಿಭಾಗ ಬೇರೆಯವರಿಗೆ ಹೋಯಿತು. ಶಾರದೆಗೆ ಆರತಿಯ ತಟ್ಟೆ ಹಿಡಿಯುವ ಹೆಂಗಸರ ಸಾಲಿನಲ್ಲಿ ಜಾಗ ಸಿಕ್ಕಿತು. ಅವಳು ಹೊಸ ಇಳಕಲ್ ಸೀರೆ ಹೊರತೆಗೆದಳು.

ವಿಮಾನ ಭರ್ಜರಿಯಾಗಿ ಬಂತು. ಅದರ ಚಕ್ರಗಳ ಕೆಳಗೆ, ಹೊಸ ಗಾಡಿಗೆ ಇಡುವಂತೆ, ನಿಂಬೆಹಣ್ಣು ಇಟ್ಟೆ. ಜಾಯ್‌ಸ್ಟಿಕ್ಕಿಗೆ ಕುಂಕುಮ ಹಚ್ಚಿದೆ. ಕೊನೆಯ ದೃಶ್ಯಕ್ಕೆಂದು ಮೇಲೆ ಹೂಪಕಳೆ ತುಂಬಿದ ಒಂದು ಬ್ಯಾನರು ಸುತ್ತಿ ಕಟ್ಟಿದ್ದೆವು. 'ವಿಜಯೀ ವೀರನಿಗೆ ಸ್ವಾಗತ' ಎಂದು ಅದರ ಮೇಲೆ ಮರಾಠಿಯಲ್ಲಿ ಬರೆಸಿದ್ದೆವು. ಹಗ್ಗ ಕಾಕಾ ಅವರ ಕೈಯಲ್ಲಿ. "ವಿಮಾನ ನೆಲ ಮುಟ್ಟಿದ ತಕ್ಷಣ ಎಳೆಯಿರಿ" ಎಂದು ನಾನೇ ಹೇಳಿಕೊಟ್ಟಿದ್ದೆ.

ಅಂದು ಸಂಜೆ ಮಂಟಪ ತುಂಬಿ ತುಳುಕುತ್ತಿತ್ತು. ನಾನು ರೇನ್‌ಕೋಟು ತೊಟ್ಟು, ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು, ಬರಿಗಾಲಲ್ಲಿ ವಿಮಾನದೊಳಗೆ ಕೂತೆ. ಕಮಾಂಡರ್ ಸಾಹೇಬರು ಬಂದರು. ಬಿಳಿ ಮೀಸೆ, ಮೆತ್ತಗಿನ ದನಿ, ತುಂಬಾ ಸಜ್ಜನರು. ಉದ್ಘಾಟನೆಗೆ ಅವರು ರಿಬ್ಬನ್ ಕತ್ತರಿಸಬೇಕಿರಲಿಲ್ಲ, ಕಂಪ್ಯೂಟರಿನಲ್ಲಿ 'ಹಾರು' ಎಂಬ ಗುಂಡಿಯನ್ನು ಒತ್ತಬೇಕಿತ್ತು, ಅಷ್ಟೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಒತ್ತಲಿಲ್ಲ.

"ಹಾರೂಕಿಂತ ಮದಲ ಒಮ್ಮೆ ಎಲ್ಲಾ ನೋಡೂದು ನಮ್ಮ ರೂಢಿ" ಎಂದು ಒಂದೊಂದೇ ಪುಟ ತೆರೆಯತೊಡಗಿದರು. ರಿಯಲಿಸಂ ಪುಟಕ್ಕೆ ಬಂದು ನಿಂತರು.

"ಗಲಗಲಿಯವರೇ, ಇಲ್ಲಿ ಎಲ್ಲಾ ಬಂದ್ ಅದ ಅಲ್ರಿ?"

"ಅದು... ಮನ್ಯಾಗ ಹುಡುಗೂರು ಆಡ್ತಾವರಿ" ಎಂದೆ. ನಮ್ಮ ಮನೆಯಲ್ಲಿ ಹುಡುಗರೇ ಇಲ್ಲ.

"ಹಂಗನ್ರಿ! ನಿಮ್ಮಂಥವ್ರಿಗೆ ಇದು ಅವಮಾನ" ಎಂದ ಸಾಹೇಬರು, ನನ್ನ ಮೇಲಿನ ಗೌರವದಿಂದ, ಒಂದೊಂದಾಗಿ ಎಲ್ಲಕ್ಕೂ ಗುರುತು ಹಾಕಿದರು. ಪೆಟ್ರೋಲು ಮುಗಿಯಬೇಕು. ಗುಂಡು ಮುಗಿಯಬೇಕು. ಬಡಿದರೆ ಪುಡಿಯಾಗಬೇಕು. ಬೇಡ ಎನ್ನಲು ಬಾಯಿ ತೆರೆದೆ. ಎದುರಿಗೆ ಇಡೀ ಸೊಸೈಟಿ ಕೂತಿತ್ತು. ಇಳಕಲ್ ಸೀರೆ ಹೊಳೆಯುತ್ತಿತ್ತು. ಬಾಯಿ ಮುಚ್ಚಿದೆ. ಸಾಹೇಬರು ಗುಂಡಿ ಒತ್ತಿದರು, ಚಪ್ಪಾಳೆ ಬಿತ್ತು.

ವಿಮಾನ ಹಾರಲಿಲ್ಲ. ಎಂಜಿನ್ನೇ ಶುರುವಾಗಲಿಲ್ಲ! ಗೊತ್ತಿದ್ದ ಗುಂಡಿಗಳನ್ನೆಲ್ಲ ಒತ್ತಿದೆ. ಗೊತ್ತಿಲ್ಲದವನ್ನೂ ಒತ್ತಿದೆ. ದೊಡ್ಡ ಪರದೆಯ ಮೇಲೆ ವಿಮಾನ ಎಮ್ಮೆಯಂತೆ ನಿಂತೇ ಇತ್ತು. ಮಂಟಪದಲ್ಲಿ ಪಿಸುಮಾತು ಶುರುವಾಯಿತು. ಆಗ ಹೆಂಗಸರ ಸಾಲಿನಿಂದ ನನ್ನ ಧರ್ಮಪತ್ನಿಯ ದನಿ ಸ್ಪಷ್ಟವಾಗಿ ಕೇಳಿಬಂತು.

"ಏನ್ರೀ, ಪೆಟ್ರೋಲ್ ಕಾಕ್ ತಗದೀರೇನು?"

"ಸುಮ್ಮನಿರು, ಇದು ಸ್ಕೂಟರ್ ಅಲ್ಲ!" ಎಂದು ಒಳಗಿನಿಂದಲೇ ಗದರಿದೆ.

ಸಾಹೇಬರು ಬಗ್ಗಿ ನೋಡಿ, "ವೈನಿಯವರು ಹೇಳೂದು ಖರೇ ಅದರಿ. ಕಾಕ್ ಬಂದ್ ಅದ" ಎಂದು ತಾವೇ ಅದನ್ನು ತೆರೆದು ಎಂಜಿನ್ ಶುರು ಮಾಡಿಕೊಟ್ಟರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಯಾರಿಗೆ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ವೇಗ ಕೊಟ್ಟೆ. ವಿಮಾನ ನೇರ ಹೋಗುವ ಬದಲು ಎಡಕ್ಕೆ ತಿರುಗಿತು. ನಾನು ಬಲಕ್ಕೆ ಎಳೆದೆ, ಅದು ಇನ್ನೂ ಎಡಕ್ಕೆ ಹೋಯಿತು.

"ಮುಂದಿನ ಪಂಖಾ ತಿರಗೂ ಜೋರಿಗೆ ಅದು ಎಡಕ್ಕ ಎಳೀತದರಿ" ಎಂದರು ಸಾಹೇಬರು ಶಾಂತವಾಗಿ. "ಬಲಗಾಲಿನ ಪೆಡಲ್ ಒತ್ತರಿ."

ನಮ್ಮ ಕಂಪ್ಯೂಟರಿಗೆ ಪೆಡಲ್ಲೇ ಇರಲಿಲ್ಲ. ಆದರೆ ಬದುಕೆಲ್ಲ ವಿಮಾನ ನಡೆಸಿದವರು 'ಒತ್ತಿ' ಎಂದಾಗ ಮನುಷ್ಯ ಒತ್ತದೆ ಇರುತ್ತಾನೆಯೆ? ನಾನು ಬಲಗಾಲನ್ನು ಪ್ರಾಣಭಯದಿಂದ ಒತ್ತಿದೆ. ಎದುರಿನ ಥರ್ಮಾಕೋಲು ಪಟಾರನೆ ಸೀಳಿತು. ವಿಮಾನದ ಮೂತಿಯಿಂದ ಒಂದು ಬರಿಗಾಲು ಹೊರಬಂದದ್ದನ್ನು ಸಭಿಕರು ಕಂಡರು! ಅಷ್ಟರಲ್ಲಿ ಸಾಹೇಬರು ಯಾವುದೋ ಗುಂಡಿ ಒತ್ತಿ ವಿಮಾನವನ್ನು ಸರಿದಾರಿಗೆ ತಂದರು, ಅದು ಹೇಗೋ ಮೇಲೆದ್ದಿತು. ಕಾಲು ಮಾತ್ರ ಹೊರಗೇ ಉಳಿಯಿತು. ಒಳಗೆಳೆದುಕೊಳ್ಳಲು ಹೋದರೆ ರೆಕ್ಕೆ ಅಲುಗಾಡುತ್ತಿತ್ತು.

ಮೇಲೇರಿದ ಮೇಲೆ ಸ್ವಲ್ಪ ಧೈರ್ಯ ಬಂತು. ಮನೆಯಲ್ಲಿ ಮಾಡುವಂತೆ ಒಂದು ಭರ್ಜರಿ ಲಾಗ ಹಾಕಿಸೋಣ ಎಂದು ಕೋಲನ್ನು ಹೊಟ್ಟೆಯವರೆಗೆ ಎಳೆದೆ. ಇಡೀ ಪರದೆ ಕಪ್ಪಾಯಿತು!

"ಲಾಯಿಟ್ ಗೇಲಿ!" ಎಂದು ಕರೆಂಟು ಹೋಯಿತೆಂದು ಕಾಕಾ ಕೂಗಿದರು. ನಾನೂ ಅದನ್ನೇ ನಂಬಿ, ಹೆಲ್ಮೆಟ್ ತೊಟ್ಟ ತಲೆಯನ್ನು ಹೊರಗೆ ಹಾಕಿ, "ಜನರೇಟರ್ ಶುರು ಮಾಡಿ" ಎಂದು ಆಜ್ಞೆ ಮಾಡಿದೆ. ಗಣಪತಿಯ ಸುತ್ತಲಿನ ದೀಪಮಾಲೆ ಮಾತ್ರ ಝಗಝಗ ಹೊಳೆಯುತ್ತಲೇ ಇತ್ತು.

"ಕರೆಂಟ್ ಹೋಗಿಲ್ರಿ" ಎಂದರು ಸಾಹೇಬರು. "ಹಂಗ ಒಮ್ಮೆಲೇ ಎಳದರ ಪೈಲಟ್‌ಗ ಎಚ್ಚರ ತಪ್ಪತದ. ಈಗ ನಿಮಗ ಎಚ್ಚರ ತಪ್ಪೇದ."

ಖರೆ ಹೇಳಬೇಕೆಂದರೆ, ನಿಜವಾಗಿಯೂ ತಪ್ಪಿದ್ದರೆ ಚೆನ್ನಾಗಿತ್ತು. ಪರದೆ ಬೆಳಗಿದಾಗ ವಿಮಾನ ಅಂಗಾತ ಹಾರುತ್ತಿತ್ತು, ಆಕಾಶ ಕೆಳಗಿತ್ತು. ಎದುರಿಗೆ ಒಂದು ವಿಮಾನ ಬಂತು. ಇನ್ನು ಮಾನ ಉಳಿಸಬಲ್ಲದ್ದು ಇದೊಂದೇ ಎಂದು ಇದ್ದಬದ್ದ ಗುಂಡನ್ನೆಲ್ಲ ಸುರಿದೆ. ಅದು ಹೊಗೆಯುಗುಳುತ್ತ ಬಿತ್ತು. ಜನ ಕೇಕೆ ಹಾಕಿದರು. ಜೀವನದಲ್ಲೇ ಮೊದಲ ಬಾರಿಗೆ ನನಗಾಗಿ ಕೇಕೆ!

ಸಾಹೇಬರು ಕೆಮ್ಮಿದರು. "ಗಲಗಲಿಯವರೇ, ಅದು ನಮ್ಮದ ವಿಮಾನ ಇತ್ತರಿ."

ಗುಂಡು ಮುಗಿದಿತ್ತು. ಅಂಗಾತ ಹಾರುವ ವಿಮಾನವನ್ನು ಸರಿ ಮಾಡಲು ಹೋಗಿ ವೇಗ ಕಳೆದುಕೊಂಡೆ. ಅದು ಒಂದು ಕ್ಷಣ ಗಾಳಿಯಲ್ಲಿ ನಿಂತು ಯೋಚಿಸಿತು. ಆಮೇಲೆ ಗಿರಗಿರನೆ ತಿರುಗುತ್ತ, ಎಡಕ್ಕೇ ವಾಲುತ್ತ, ಬಿತ್ತು. ಧಡಾರ್! ಪರದೆಯ ತುಂಬಾ ಬೆಂಕಿ.

ಆಗಲೇ ದೇಶಪಾಂಡೆ ಕಾಕಾ ಹಗ್ಗ ಎಳೆದರು. ಅವರದೇನೂ ತಪ್ಪಿಲ್ಲ. ವಿಮಾನ ನೆಲ ಮುಟ್ಟಿತ್ತು. ಉರಿಯುವ ವಿಮಾನದ ಮೇಲೆ, ನನ್ನ ಹೆಲ್ಮೆಟ್ಟಿನ ಮೇಲೆ, ಹೊರಗಿದ್ದ ನನ್ನ ಬರಿಗಾಲಿನ ಮೇಲೆ ಹೂಮಳೆ ಸುರಿಯಿತು. ನೆತ್ತಿಯ ಮೇಲೆ 'ವಿಜಯೀ ವೀರನಿಗೆ ಸ್ವಾಗತ' ತೂಗಾಡಿತು. ಮಂಟಪ ಬಿದ್ದು ಬಿದ್ದು ನಕ್ಕಿತು. ಶಾರದೆ ನಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಅದನ್ನು ಕಂಡು ನನಗೆ ಅಳುವೇ ಬಂತು. ಹೆಲ್ಮೆಟ್ ಇದ್ದದ್ದಕ್ಕೆ ಬಚಾವಾದೆ.

ಕಾಕಾ ಗಡಿಬಿಡಿಯಿಂದ ಆರತಿ ಆರಂಭಿಸಿದರು. ನಾನು ಥರ್ಮಾಕೋಲು ಕೊಡವಿಕೊಳ್ಳುತ್ತ ಹಿಂದಿನಿಂದ ಜಾರಿ, ಯಾರೂ ಹೇಳದೆಯೇ, ಹೊರಗಿನ ಚಪ್ಪಲಿ ಮೇಜಿಗೆ ಹೋದೆ. ಅಲ್ಲಿದ್ದವರು ಸಂತೋಷದಿಂದ ಜಾಗ ಬಿಟ್ಟುಕೊಟ್ಟು ಆರತಿಗೆ ಓಡಿದರು. ಆ ಕುರ್ಚಿಯಲ್ಲಿ ಕೂತಾಗ ತವರಿಗೆ ಬಂದಷ್ಟು ಸಮಾಧಾನವಾಯಿತು. ಇಲ್ಲಿ ನಾನು ಅನುಭವಿ. ಇಲ್ಲಿ ನನ್ನನ್ನು ಬೀಳಿಸುವವರಿಲ್ಲ.

ಆರತಿ ಮುಗಿದ ಮೇಲೆ ಜನ ಒಮ್ಮೆಲೇ ನುಗ್ಗಿದರು. ಎಲ್ಲರೂ ನನ್ನ ಮುಖ ನೋಡಿ ನಗುವವರೇ. ನಾನು ತಲೆ ಎತ್ತದೆ ಕೊಡುತ್ತ ಹೋದೆ. ಕೊನೆಗೆ ಸಾಹೇಬರು ಟೋಕನ್ ಚಾಚಿದರು. ಬೀಳ್ಕೊಡಲು ಶಾರದೆಯೂ ಹಿಂದೆ ಬಂದು ನಿಂತಿದ್ದಳು.

"ಮನಸಿಗೆ ಹಚಗೋಬ್ಯಾಡ್ರಿ" ಎಂದರು ಸಾಹೇಬರು ಚಪ್ಪಲಿ ಮೆಟ್ಟುತ್ತ. "ಮದಲಿಗೆ ಎಲ್ಲಾರೂ ಬೀಳ್ತಾರ. ನಾನೂ..." ಎಂದವರು ನಿಂತರು. ಕೆಳಗೆ ನೋಡಿದರು. ಮತ್ತೊಮ್ಮೆ ನೋಡಿದರು.

"ಗಲಗಲಿಯವರೇ, ಎರಡೂ ಎಡಗಾಲಿನವು ಕೊಟ್ಟೀರಲ್ರಿ!"

ಎರಡೂ ಬಲಗಾಲಿನ ಜೋಡಿ ಆಗಲೇ ಯಾರದೋ ಕಾಲಿಗೆ ಸಿಕ್ಕಿ ಬಸ್ಸು ಹತ್ತಿ ಹೋಗಿತ್ತು.

"ಏನೂ ತಿಳಕೋಬ್ಯಾಡ್ರಿ ಸಾಹೇಬ್ರ" ಎಂದಳು ಶಾರದೆ. "ಇವರದು ಎಲ್ಲಾ ಎಡಕ್ಕ ಎಳೀತದ." ಹಾಗೆಂದು ಅವಳೇ ಮೊದಲು ನಕ್ಕಳು. ಸಂಜೆಯಿಂದ ಬಿಗಿಹಿಡಿದಿದ್ದ ನಗು ಇರಬೇಕು, ನಿಲ್ಲಲೇ ಇಲ್ಲ. ಅವಳು ನಗುವುದನ್ನು ಕಂಡು ನನಗೂ ಹೋದ ಜೀವ ಬಂತು. ಸಾಹೇಬರನ್ನು ಬರಿಗಾಲಲ್ಲೇ ಆಟೋ ಹತ್ತಿಸಿದೆವು.

ಮುಂದಿನ ವರ್ಷ ಸಭೆ ಸೇರಿತು. ಆರತಿ, ಪ್ರಸಾದ, ದೇಖಾವೆ ಎಲ್ಲ ಹಂಚಿಕೆಯಾಯಿತು. ಚಪ್ಪಲಿ ವಿಭಾಗವೂ ಬೇರೆಯವರಿಗೆ ಹೋಯಿತು! ನಾನು ಎದ್ದು, "ಹಾಗಾದರೆ ನನಗೇನು ಕೆಲಸ?" ಎಂದು ಕೇಳಿದೆ.

"ನೀವು ಕುಟುಂಬಸಮೇತ ದರ್ಶನಕ್ಕೆ ಬನ್ನಿ, ಅಷ್ಟೇ ಸಾಕು" ಎಂದರು ಕಾಕಾ ಕೈಮುಗಿದು. "ಬರುವಾಗ ಚಪ್ಪಲಿ ಮನೆಯಲ್ಲೇ ಬಿಟ್ಟು ಬನ್ನಿ."